ಬಣ್ಣ ತುಂಬಿಸಿ ಸಾಕಾಯ್ತು: ಚಿಕ್ಕ ಮಕ್ಕಳಿಗೆ ಮನೇಲೇ ಕೈಯಾರೆ ಮಾಡಿಸುತ್ತಾ ವಿಶ್ವಾಸ ಕಲಿಸೋದು ಹೇಗೆ?

ಇಬ್ಬರು ಮಕ್ಕಳ ತಾಯಿ (ಮೈಸೂರು), ನವೆಂಬರ್ 22

ಎಲ್ಲರಿಗೂ ನಮಸ್ಕಾರ. ಮಗಳಿಗೆ ಆರು ವರ್ಷ, ಮಗನಿಗೆ ಜನವರಿಗೆ ನಾಲ್ಕು ತುಂಬುತ್ತೆ. ನಾವು ಕ್ಯಾಥೊಲಿಕರು. ಭಾನುವಾರ ಪೂಜೆ ಆದ್ಮೇಲೆ ಮಗಳು ಧರ್ಮೋಪದೇಶಕ್ಕೆ ಹೋಗ್ತಾಳೆ, ಬರುವಾಗ ಕೈಯಲ್ಲಿ ಒಂದು ಬಣ್ಣ ತುಂಬಿಸಿದ ಹಾಳೆ ಇರುತ್ತೆ. ನೋಹನ ನಾವೆ ನಮ್ಮನೇಲಿ ಈಗ ನಾಲ್ಕು ಬಣ್ಣದಲ್ಲಿದೆ.

ಮನೇಲಿ ಏನಾದ್ರೂ ಮಾಡಿಸೋಣ ಅಂತ ಹುಡುಕಿದ್ರೆ ಸಿಗೋದೆಲ್ಲ ಹೊರದೇಶದವರದ್ದೇ. ಹಿಮದ ಬೊಂಬೆ, ಪೈನ್ ಕಾಯಿಯ ದೇವದೂತ, ಪೇಪರ್ ಪ್ಲೇಟಿಗೆ ಹತ್ತಿ ಅಂಟಿಸಿದ ಕುರಿ. ಹೋದ ವಾರ ಕುರಿ ಮಾಡಿದ್ವಿ. ಮಗ ಗೋಂದು ನೆಕ್ಕಿದ. ಮಗಳು ಅಚ್ಚುಕಟ್ಟಾಗಿ ಮುಗಿಸಿ, "ಅಮ್ಮ, ಇದನ್ನ ಈಗ ಎಲ್ಲಿ ಎಸೀಲಿ?" ಅಂದ್ಲು. ಒಳ್ಳೆ ಕುರುಬನ ಕಥೆ ಹೇಳಬೇಕು ಅಂತ ಕೂತಿದ್ದೆ, ಎಲ್ಲ ಮರೆತೇಹೋಯ್ತು.

ಕೈಗೆ ಕೆಲಸ ಇರಬೇಕು, ಆ ಕೆಲಸಕ್ಕೂ ಹೇಳೋ ಕಥೆಗೂ ನೆಂಟಸ್ತಿಕೆ ಇರಬೇಕು. ನಮ್ಮ ಮನೆಗಳಲ್ಲಿ ಸಿಗೋ ಸಾಮಾನಿನಲ್ಲೇ ಆಗಬೇಕು. ಆಗಮನಕಾಲ (ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ) ಶುರುವಾಗೋದ್ರಲ್ಲಿದೆ. ನೀವೆಲ್ಲ ಏನ್ ಮಾಡ್ತೀರಿ?

ಕಿನ್ನಿಗೋಳಿಯವಳು

ನೀವು ಹುಡುಕಿದ್ದು ಇಂಟರ್ನೆಟ್ಟಿನಲ್ಲಿ, ಇರುವುದು ನಿಮ್ಮ ಅಡುಗೆಮನೆಯ ಡಬ್ಬಿಯಲ್ಲಿ ಮಾರಾಯ್ರೆ. ರಾಗಿ ಉಂಟಲ್ಲ?

ಡಿಸೆಂಬರ್ 12 ಅಥವಾ 13ಕ್ಕೆ ಒಂದು ಮುಷ್ಟಿ ರಾಗಿ ರಾತ್ರಿ ನೆನೆಹಾಕಿ. ಅಗಲ ತಟ್ಟೆಯಲ್ಲಿ ಎರಡು ಬೆರಳಿನಷ್ಟು ಮಣ್ಣು ಹಾಕಿ ಮಕ್ಕಳ ಕೈಯಲ್ಲೇ ಬಿತ್ತಿಸಿ. ಮೇಲೆ ತೆಳ್ಳಗೆ ಮಣ್ಣು. ನೀರು ಸುರಿಯಲಿಕ್ಕೆ ಬಿಡಬೇಡಿ, ಕೈಯಲ್ಲಿ ಚಿಮುಕಿಸಲಿ. ಎರಡು ಮೂರು ದಿನಕ್ಕೆ ಮೊಳಕೆ, ಕ್ರಿಸ್ಮಸ್ಸಿಗೆ ಬೆರಳುದ್ದದ ಹಸಿರು. ಯೇಸು ಹುಟ್ಟಿದ ದೃಶ್ಯಕ್ಕೆ ಬೊಂಬೆ ಜೋಡಿಸುತ್ತೇವಲ್ಲ, ನಮ್ಮ ಆ ಗೋದಲಿಯ ಹುಲ್ಲು ಯಾವಾಗಲೂ ಅದೇ. ಪ್ಲಾಸ್ಟಿಕ್ ಹುಲ್ಲು ನಮ್ಮ ಮಾಯಿ (ಅತ್ತೆ) ಮನೆಯೊಳಗೆ ಬರಲಿಕ್ಕೇ ಬಿಡುವುದಿಲ್ಲ.

ಕ್ರಿಸ್ಮಸ್ ಅಂತ ಕಾಯಬೇಕಾಗಿಯೂ ಇಲ್ಲ. ಸೆಪ್ಟೆಂಬರ್ 8ಕ್ಕೆ ನಮ್ಮಲ್ಲಿ ಮೊಂತಿ ಫೆಸ್ತ್, ತೆನೆ ಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಬೆಳಿಗ್ಗೆ ಅಂಗಳದಲ್ಲಿ, ಪಕ್ಕದ ಮನೆಯ ಬೇಲಿಯಲ್ಲಿ ಹೂ ಹುಡುಕುವುದೇ ದೊಡ್ಡ ಕೆಲಸ. ಹಬ್ಬದ ದಿನ ಚರ್ಚಿನಲ್ಲಿ ಮಂತ್ರಿಸಿದ ತೆನೆ ಮನೆಗೆ ಬಂದ ಮೇಲೆ ಚಿಕ್ಕವರು ಉಗುರಿನಲ್ಲಿ ಭತ್ತದ ಸಿಪ್ಪೆ ಬಿಡಿಸಬೇಕು. ಆ ಹೊಸಕ್ಕಿ ಪಾಯಸಕ್ಕೆ ಹೋಗುತ್ತದೆ. ನಮ್ಮ ಚಿಕ್ಕವಳು ದುಬೈಯಲ್ಲಿರುವ ಪಪ್ಪನ ಹೆಸರಿಗೆ ಎರಡು ಕಾಳು ಜಾಸ್ತಿ ಹಾಕುತ್ತಾಳೆ, "ಅವರಿಗೆ ದೂರ ಅಲ್ವಾ" ಹೇಳಿ. ಯಾವ ಲೆಕ್ಕವೋ ದೇವರಿಗೇ ಗೊತ್ತು.

ವಾಕ್ಯ ಮೊದಲು (ಹುಬ್ಬಳ್ಳಿ)

ಬೇಸರ ಮಾಡ್ಕೋಬೇಡಿ ಸಿಸ್ಟರ್. ಹುಲ್ಲು ಬೆಳೆಸೋದು, ಪಾಯಸ ಮಾಡೋದು ಎಲ್ಲ ಚೆಂದವೇ. ಆದರೆ ಇದರಲ್ಲಿ ವಾಕ್ಯ, ಅಂದ್ರೆ ಬೈಬಲಿನ ಮಾತು, ಎಲ್ಲಿದೆ? ಮಗುವಿಗೆ ಮೂರು ವರ್ಷ ಆದಾಗಿನಿಂದ ವಾರಕ್ಕೊಂದು ವಚನ ಬಾಯಿಪಾಠ ಮಾಡಿಸಿ. ನನ್ನ ಮಗ ಐದನೇ ವಯಸ್ಸಿಗೆ 40 ವಚನ ಹೇಳ್ತಿದ್ದ. ಆಟದಲ್ಲಿ ಬಂದದ್ದು ಆಟದ ಜೊತೆಗೇ ಹೋಗುತ್ತೆ. ಹಬ್ಬ, ತೆನೆ, ಗೋದಲಿ ಇವೆಲ್ಲ ಸಂಪ್ರದಾಯ. ಸಂಪ್ರದಾಯ ಬೇರೆ, ವಿಶ್ವಾಸ ಬೇರೆ.

ಬೆಟಗೇರಿ ಅಜ್ಜ

ತಮ್ಮಾ, ವಾಕ್ಯದಾಗ ಏನೈತಿ ಅಂತ ವಾಕ್ಯದಾಗ ನೋಡೂಣು. ಯೆಹೋಶುವನ ಪುಸ್ತಕ ನಾಲ್ಕನೇ ಅಧ್ಯಾಯ ತಗೀರಿ. ಯೊರ್ದನ್ ಹೊಳಿ ದಾಟಿದ ಮ್ಯಾಲ ದೇವರು ಏನ್ ಹೇಳಿದ? ಬಾಯಿಪಾಠ ಮಾಡ್ರಿ ಅಂದನೇನು? ಹೊಳಿ ನಡುವಿಂದ 12 ಕಲ್ಲು ಹೊತ್ಕೊಂಡ ಬರ್ರಿ ಅಂದ. ನಾಳೆ ನಿಮ್ಮ ಮಕ್ಕಳು "ಈ ಕಲ್ಲು ಯಾಕ?" ಅಂತ ಕೇಳತಾರ, ಆವಾಗ ಹೇಳ್ರಿ ಅಂದ. ವಿಮೋಚನಕಾಂಡ 12ರಾಗೂ ಹಂಗ. ಮಕ್ಕಳು "ಈ ಆಚರಣಿ ಅರ್ಥ ಏನು?" ಅಂತ ಕೇಳಿದ ಮ್ಯಾಲ ಉತ್ತರ. ಮೊದಲು ಕಣ್ಣಿಗೆ ಬೀಳಬೇಕು, ಕೈಗೆ ಸಿಗಬೇಕು, ಹುಡುಗರು ತಾವ ಕೇಳಬೇಕು. ನಾವು ಕೇಳದ ಇದ್ದದ್ದಕ್ಕ ಉತ್ತರ ಕೊಡತೇವಿ, ಅದಕ್ಕ ಅವು ಆಕಳಿಸತಾವ.

ನಮ್ಮ ಮನಿಯಾಗ ಈ ಕಲ್ಲಿನ ರೂಢಿ ಐತ್ರಿ. ತುಳಸಿ ಕಟ್ಟಿಯಂಥಾದ್ದಲ್ಲ, ಪಡಸಾಲಿ ಮೂಲ್ಯಾಗ ಒಂದು ಹಳೇ ಬುಟ್ಟಿ. ಮನಿಯಾಗ ದೇವರು ದಾಟಿಸಿದ ಅಂತ ಅನಿಸಿದ ದಿನ ಒಂದು ನುಣ್ಣನ ಕಲ್ಲು ಆರಿಸಿ, ಪೇಂಟಿನಾಗ ತಾರೀಖು ಬರದು ಇಡತೇವಿ. ನನ್ನ ಆಪರೇಶನ್ನಿಂದು ಐತಿ. ಮಗನಿಗೆ ಕೆಲಸ ಸಿಕ್ಕಿದ್ದು ಐತಿ. ಮೊಮ್ಮಗಳಿಗೆ ಡೆಂಗಿ ಬಂದು ಹೋದದ್ದು ಐತಿ. ರಜಾದಾಗ ಬಂದಾಗ ಆಕಿ ಬುಟ್ಟಿ ಸುರುವಿಕೊಂಡು ಒಂದೊಂದ ಕಲ್ಲಿಗೂ "ಇದು?" "ಇದು?" ಅಂತಾಳ. ನಾ ಹೇಳತೇನಿ. ಹೋದ ವರ್ಷ ನಮ್ಮ ಮುದಿ ಆಡು ಸತ್ತಿತು. ಆಕಿ ಒಂದು ಕಲ್ಲು ತಂದು ಬರಿ ಅಂದ್ಲು. "ಇದು ದಾಟಿಸಿದ ಕಲ್ಲವಾ, ಸತ್ತದ್ದಕ್ಕ ಇಡೂದಿಲ್ಲ" ಅಂದೆ. "ಅವತ್ತ ನೀ ಅಳಾಕ್ಹತ್ತಿದ್ದಿ, ಆಮ್ಯಾಲ ಸುಮ್ಮನಾದಿ. ಅದಕ್ಕ" ಅಂದ್ಲು. ಇಟ್ಟೇನಿ. ಅದರ ಮ್ಯಾಲಿನ ಅಕ್ಷರ ಆಕೀದ, ಆಡಿನ "ಆ" ತಿರುವಿ ಮುರುವಿ ಆಗೇತಿ.

ಸಂಡೇ ಸ್ಕೂಲ್ ಅಕ್ಕ (ಚಳ್ಳಕೆರೆ)

ಅಜ್ಜಾರ ಕಲ್ಲಿನ ಬುಟ್ಟಿ ಈ ಭಾನುವಾರವೇ ನಮ್ಮ ಮಕ್ಕಳಿಗೆ ಹೇಳ್ತೀನಿ.

ಬಾಯಿಪಾಠದ ಬಗ್ಗೆ ಒಂದು ಮಾತು. ನಾನೂ ಮಾಡಿಸ್ತೀನಿ, ಬೇಡ ಅನ್ನಲ್ಲ. ಆದರೆ 23ನೇ ಕೀರ್ತನೆ ಇದೆಯಲ್ಲ, "ಯೆಹೋವನು ನನಗೆ ಕುರುಬನು, ಕೊರತೆಪಡೆನು". ಹತ್ತು ವರ್ಷ ಹೇಳಿಸಿದ್ದೀನಿ. ಒಂದು ದಿನ ಏಳು ವರ್ಷದ ಹುಡುಗ ಎದ್ದು ನಿಂತು, "ಅಕ್ಕ, ಕುರುಬ ಇದ್ರೂ ಯಾಕೆ ಕೊರತೆ ಪಡೆದನು?" ಅಂದ. ನನಗೆ ಮಾತೇ ಹೊರಡಲಿಲ್ಲ. ನಮ್ಮ ಕಿವಿಗೆ "ಪಡೆನು" ಅಂದರೆ "ಪಡುವುದಿಲ್ಲ". ಹಳೆಯ ಕನ್ನಡದ ಆ ನಿಷೇಧರೂಪ ಇವತ್ತಿನ ಮಕ್ಕಳಿಗೆ ಎಲ್ಲಿ ಗೊತ್ತು? ಕ್ಲಾಸಿನ 14 ಮಕ್ಕಳನ್ನ ಕೇಳಿದೆ. 11 ಜನ ಉಲ್ಟಾ ಅರ್ಥವನ್ನೇ ಭಕ್ತಿಯಿಂದ ಹೇಳ್ತಿದ್ರು!

ಮುಂದಿನ ವಾರ ಅವರನ್ನ ಊರಾಚೆ ಹೊಲಕ್ಕೆ ಕರಕೊಂಡು ಹೋದೆ. ಗೊಬ್ಬರಕ್ಕೆ ಅಂತ ಕುರಿಮಂದೆ ಬಿಡಿಸಿದ್ರು. ಸುತ್ತ ಬಲೆ ಕಟ್ಟಿ, ಹಾಲುಕುಡಿಯೋ ಮರಿಗಳನ್ನ ಬಿದಿರಿನ ದೊಡ್ಡ ಬುಟ್ಟಿ ಕವುಚಿ ಒಳಗೆ ಬಿಟ್ಟಿದ್ರು. ಕಂಬಳಿ ಹೊದ್ದಿದ್ದ ಯಜಮಾನರಿಗೆ ಮಕ್ಕಳು ಕೇಳಿದ ಮೊದಲ ಪ್ರಶ್ನೆ, "ರಾತ್ರಿ ಎಲ್ಲಿ ಮಲಗ್ತೀರ?" ಅವರು ಬಲೆಯಲ್ಲಿ ಬಾಯಿ ಬಿಟ್ಟಿದ್ದ ಜಾಗ ತೋರಿಸಿ, "ಇಲ್ಲೇ ಅಡ್ಡ. ತೋಳ ಬಂದ್ರೆ ನನ್ನ ತುಳಿದೇ ಹೋಗಬೇಕು" ಅಂದ್ರು. ಯೋಹಾನನ ಸುವಾರ್ತೆ ಹತ್ತನೇ ಅಧ್ಯಾಯದಲ್ಲಿ ಯೇಸು "ಬಾಗಿಲು ನಾನೇ" ಅನ್ನೋದನ್ನ ಎಷ್ಟೋ ಸಲ ಪಾಠ ಮಾಡಿದ್ದೆ. ಅರ್ಥ ಆಗಿದ್ದು ನನಗೂ ಅವತ್ತೇ. ಒಬ್ಬಳು ಕಂಬಳಿ ಮುಟ್ಟಿ, "ಚುಚ್ಚುತ್ತೆ" ಅಂದ್ಲು. ಹತ್ತಿಯ ಕುರಿ ಚುಚ್ಚಲ್ಲ, ಅದೇ ಅದರ ತೊಂದರೆ.

ಮೈಸೂರಿನ ಅಮ್ಮನಿಗೆ ಇನ್ನೊಂದು, ಇದಕ್ಕೆ ಹೊರಗೆ ಹೋಗಬೇಕಿಲ್ಲ: ಇಡ್ಲಿ ಹಿಟ್ಟು. ಮತ್ತಾಯ 13ರಲ್ಲಿ ಹೆಂಗಸು ಮೂರು ಅಳತೆ ಹಿಟ್ಟಿಗೆ ಹುಳಿ ಸೇರಿಸಿಟ್ಟ ಸಾಮ್ಯ ಬರುತ್ತಲ್ಲ. ರಾತ್ರಿ ರುಬ್ಬಿದ ಹಿಟ್ಟಿಗೆ ಹಳೇ ಹಿಟ್ಟು ಒಂದು ಚಮಚ ಮಗು ಕೈಯಲ್ಲೇ ಹಾಕಿಸಿ, ಪಾತ್ರೆ ಹೊರಗಡೆ ಹಿಟ್ಟಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಸಿ. ದೇವರ ರಾಜ್ಯ ಹೀಗೆ, ಯಾರೂ ನೋಡದೇ ಇದ್ದಾಗ ಬೆಳೆಯುತ್ತೆ ಅಂತ ಒಂದೇ ಒಂದು ಸಾಲು ಹೇಳಿ ಮಲಗಿಸಿ. ಬೆಳಿಗ್ಗೆ ಅವರೇ ಓಡಿಬರ್ತಾರೆ. ಆಗ ನೀವು ಬಾಯಿ ಬಿಡಬೇಡಿ. ಇದು ನನ್ನಿಂದ ಆಗದ ಕೆಲಸ, ನೀವಾದ್ರೂ ಪ್ರಯತ್ನಿಸಿ.

ವಾಕ್ಯ ಮೊದಲು (ಹುಬ್ಬಳ್ಳಿ)

"ಕೊರತೆಪಡೆನು" ವಿಷಯ ಓದಿ ಮಗನನ್ನ ಕೇಳಿದೆ. ಅವನೂ ಹಾಗೇ ತಿಳ್ಕೊಂಡಿದ್ದಾನೆ. ಈಗ ಅವನಿಗೆ 13.

ಇಬ್ಬರು ಮಕ್ಕಳ ತಾಯಿ (ಮೈಸೂರು)

ಇಡ್ಲಿ ಹಿಟ್ಟು ನಿನ್ನೆ ರಾತ್ರಿ ಮಾಡಿದ್ವಿ. ಪಾತ್ರೆ ಚಿಕ್ಕದಾಯ್ತು, ಬೆಳಿಗ್ಗೆ ಕಟ್ಟೆ ತುಂಬಾ ದೇವರ ರಾಜ್ಯ ಹರಿದಿತ್ತು. ಮಗ ಕುಣಿದಾಡಿದ. ಒರೆಸಿದ್ದು ನಾನು.

ಸ್ಟುಟ್‌ಗಾರ್ಟ್ ಕನ್ನಡಿಗ

ಆಗಮನಕಾಲ ಅಂದಿರಿ, ಅದಕ್ಕೆ ಹೇಳ್ತೀನಿ. ಹಸಿರೆಲೆ ಕಟ್ಟಿದ ಬಳೆಯಲ್ಲಿ ನಾಲ್ಕು ಮೇಣದಬತ್ತಿ ಇಡ್ತೀವಲ್ಲ, ಅದು ಹುಟ್ಟಿದ್ದೇ ಮಕ್ಕಳ ಕಾಟದಿಂದ. 1839ರಲ್ಲಿ ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್ರಿಚ್ ವಿಚೆರ್ನ್ ಅನ್ನೋ ಪಾದ್ರಿ ಬಡಮಕ್ಕಳ ಆಶ್ರಮ ನಡೆಸ್ತಿದ್ದರು. ಕ್ರಿಸ್ಮಸ್ ಬಂತಾ, ಬಂತಾ ಅಂತ ಮಕ್ಕಳು ದಿನಾ ಪೀಡಿಸೋರು. ಅವರು ಹಳೇ ಗಾಡಿಚಕ್ರ ತಗೊಂಡು ವಾರದ ದಿನಕ್ಕೊಂದು ಸಣ್ಣ ಕೆಂಪು ಬತ್ತಿ, ಭಾನುವಾರಕ್ಕೊಂದು ದೊಡ್ಡ ಬಿಳಿ ಬತ್ತಿ ಜೋಡಿಸಿಟ್ಟರು. ದಿನಕ್ಕೊಂದು ಹಚ್ಚಿ ಎಣಿಸೋದು. ಈಗಿನ ನಾಲ್ಕು ಬತ್ತಿ ಅದರ ಸಂಕ್ಷಿಪ್ತ ರೂಪ. ಕ್ಯಾಥೊಲಿಕರಲ್ಲಿ ಮೂರು ನೇರಳೆ, ಒಂದು ಗುಲಾಬಿ. ಗುಲಾಬಿ ಹಚ್ಚೋದು ಮೂರನೇ ಭಾನುವಾರ.

ನಮ್ಮನೇಲಿ ಮಣ್ಣಿನ ಹಣತೆ ಇಡ್ತೀವಿ, ಊರಿಂದ ತಂದದ್ದು. ಫರ್ ಕೊಂಬೆ ಇಲ್ಲೇ ಸಿಗುತ್ತೆ, ಮೈಸೂರಲ್ಲಿ ಮಾವಿನೆಲೆಯೇ ಸಾಕು. (ವಿಷಯಕ್ಕೆ ಸಂಬಂಧವಿಲ್ಲ, ಆದರೂ: ಕಿಟೆಲ್ ತೀರಿಕೊಂಡ ಟ್ಯುಬಿಂಗನ್ ಇಲ್ಲಿಂದ ಒಂದು ತಾಸಿನ ದಾರಿ. 1894ರ ಆ ನಿಘಂಟಿನಲ್ಲಿ "ಗೋದಲಿ" ಹುಡುಕಿ ಅಂತ ಮಗಳಿಗೆ ಹೋಂವರ್ಕ್ ಕೊಟ್ಟಿದ್ದೀನಿ. ಅವಳು ಜರ್ಮನ್‌ನಲ್ಲೇ ಬೈತಿದ್ದಾಳೆ.)

ಎರಡು ದೇವರಮನೆ (ತುಮಕೂರು)

ನನ್ನದು ಸ್ವಲ್ಪ ಬೇರೆ ಪ್ರಶ್ನೆ. ನಾನು ಸಿ.ಎಸ್.ಐ. (ಪ್ರೊಟೆಸ್ಟೆಂಟ್ ಸಭೆ), ನಮ್ಮೆಜಮಾನ್ರು ಹಿಂದೂ. ಅತ್ತೆ ನಮ್ಮ ಜೊತೇಲೇ ಇದ್ದಾರೆ. ಹೋದ ವರ್ಷ ಇದೇ ರಾಗಿ ಪೈರು ಮಾಡಿದ್ದೆ. ಅತ್ತೆ ನೋಡಿ, "ಇದು ನಮ್ಮ ನವರಾತ್ರಿ ನವಧಾನ್ಯದ ಹಾಗೇ ಅಲ್ವೇನೇ" ಅಂತ ತಾವೇ ದಿನಾ ನೀರು ಚಿಮುಕಿಸಿದ್ರು. ನನಗಿಂತ ಚೆನ್ನಾಗಿ ಬೆಳೆಸಿದ್ರು. ಮಗಳು ಈಗ ಕೇಳ್ತಾಳೆ: "ಅಜ್ಜಿ ರಾಗಿ ಯಾವ ದೇವರಿಗೆ, ನಿನ್ನ ರಾಗಿ ಯಾವ ದೇವರಿಗೆ?" ಅವಳಿಗೆ ಐದು. ಏನು ಹೇಳ್ಲಿ?

ವಾಕ್ಯ ಮೊದಲು (ಹುಬ್ಬಳ್ಳಿ)

ಸತ್ಯ ಹೇಳಿ ಸಿಸ್ಟರ್. ಎರಡೂ ಒಂದೇ ಅಂತ ಮಾತ್ರ ಹೇಳಬೇಡಿ. ಮುಂದೆ ಅವಳೇ ಗೊಂದಲಕ್ಕೆ ಬೀಳ್ತಾಳೆ.

ಬೆಟಗೇರಿ ಅಜ್ಜ

ತಮ್ಮ ಹೇಳಿದ್ದು ಖರೇನ. ಒಂದು ಅಂತ ಹೇಳಬ್ಯಾಡ್ರಿ. ಆದರ ಜಗಳಾನೂ ಕಲಸಬ್ಯಾಡ್ರಿ. "ನಾನು ಇದನ್ನ ಯೇಸುವಿನ ಹುಟ್ಟಿದ ದಿನಕ್ಕ ಬೆಳಸತೇನಿ. ಅಜ್ಜಿಗೆ ನನ್ನ ಮ್ಯಾಲ ಪ್ರೀತಿ, ಅದಕ್ಕ ನೀರ ಹಾಕತಾಳ" ಅನ್ರಿ. ಎರಡೂ ಖರೇ ಮಾತ ಅದಾವಲ್ಲ. ಐದು ವರ್ಷದ ಕೂಸಿಗೆ ಅಷ್ಟ ಸಾಕು. ಹತ್ತು ವರ್ಷಕ್ಕ ಮತ್ತ ಕೇಳತಾಳ, ಆವಾಗ ಹೆಚ್ಚು ಹೇಳ್ರಿ.

ಕಿನ್ನಿಗೋಳಿಯವಳು

ಇದಕ್ಕೇ ನಾನು ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಹೇಳಬೇಕೆಂದಿದ್ದೆ. ಡಿಸೆಂಬರ್ ಎರಡನೇ ವಾರದಿಂದ ನಮ್ಮಲ್ಲಿ ಕಿಡಿಯೊ ಮಾಡುವ ಸಂಭ್ರಮ. ಮೈದಾಕ್ಕೆ ತೆಂಗಿನಹಾಲು ಹಾಕಿ ಕಲಸಿದ ಹಿಟ್ಟನ್ನು ಬಟಾಣಿಯಷ್ಟು ತೆಗೆದು, ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತುವುದು. ಫೋರ್ಕ್ ಇಲ್ಲದಿದ್ದರೆ ಹೊಸ ಬಾಚಣಿಗೆ. ಮೂರು ವರ್ಷದವರಿಗೂ ಬರುತ್ತದೆ. ಒಂದಿಷ್ಟು ಹುಳುವಿನ ಹಾಗೆ, ಒಂದಿಷ್ಟು ಕಲ್ಲಿನ ಹಾಗೆ ಆಗುತ್ತದೆ, ಆಗಲಿ. ಕರಿಯುವುದು ಮಾತ್ರ ದೊಡ್ಡವರು.

ಅದರಲ್ಲಿ ವಿಶ್ವಾಸ ಎಲ್ಲಿ ಅಂತ ಸಾರ್ ಕೇಳುವ ಮೊದಲೇ ಹೇಳುತ್ತೇನೆ: ತಟ್ಟೆಯಲ್ಲಿ. 24ರ ಸಂಜೆ ತಟ್ಟೆಗೆ ಬಟ್ಟೆ ಮುಚ್ಚಿ ನೆರೆಮನೆಗಳಿಗೆ ಒಯ್ಯುವುದು ಮಕ್ಕಳ ಕೆಲಸ. ಭಟ್ರ ಮನೆಗೆ ಮೊಟ್ಟೆ ಹಾಕದ ಡಬ್ಬಿ ಬೇರೆ. ಅದನ್ನು ನೆನಪಿಟ್ಟುಕೊಳ್ಳುವುದು ನಮ್ಮ ಎಂಟು ವರ್ಷದವನ ಜವಾಬ್ದಾರಿ. ಕಳೆದ ವರ್ಷ ಅವನೇ, "ಮಮ್ಮಿ, ಈ ಚಮಚ ಕೇಕಿಗೆ ಹಾಕಿದ್ದು, ತೊಳಿ" ಅಂತ ನನ್ನನ್ನು ಹಿಡಿದ. ನೆರೆಯವನನ್ನು ಪ್ರೀತಿಸುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ನನಗೆ ಹೇಳಿಕೊಡಲಿಕ್ಕೆ ಬರುವುದಿಲ್ಲ.

ರಾತ್ರಿಪಾಳಿ ನರ್ಸ್

ನಡುವೆ ಬಂದೆ, ಕ್ಷಮಿಸಿ. ಬೇರೊಂದು ಗುಂಪಿನಲ್ಲಿ ಮಕ್ಕಳ ಕೈಯಲ್ಲಿ ಗುಲಗಂಜಿ ಪೋಣಿಸಿ ಜಪಸರ ಮಾಡಿಸಿ ಅಂತ ಯಾರೋ ಹಾಕಿದ್ರು. ದಯವಿಟ್ಟು ಬೇಡ. ಗುಲಗಂಜಿ ಬೀಜದೊಳಗಿನದು ಕಡು ವಿಷ. ಇಡೀ ಬೀಜ ನುಂಗಿದರೆ ಗಟ್ಟಿ ಸಿಪ್ಪೆಯಿಂದ ಬಚಾವ್ ಆಗಬಹುದು, ತೂತು ಕೊರೆದದ್ದು ಅಥವಾ ಅಗಿದದ್ದು ಅಪಾಯ. ಅದರ ಬದಲು ಕಾಬೂಲ್ ಕಡಲೆ ರಾತ್ರಿ ನೆನೆಸಿಡಿ, ದಪ್ಪ ಸೂಜಿ ಸಲೀಸಾಗಿ ಇಳಿಯುತ್ತೆ. ಪೋಣಿಸಿ ನೆರಳಲ್ಲಿ ಒಣಗಿಸಿದರೆ ಮತ್ತೆ ಗಟ್ಟಿಯಾಗುತ್ತೆ. ಚಿಕ್ಕವರಿಗೆ ಐವತ್ತು ಮಣಿ ಬೇಡ, ಹತ್ತರ ಒಂದು ಸರ ಸಾಕು. ಮೂರು ವರ್ಷದ ಒಳಗಿನವರ ಕೈಗೆ ಕಡಲೆಯೂ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಮೇಣದಬತ್ತಿ ಪಕ್ಕ ಪರದೆ ಇರೋ ಕಿಟಕಿ ಬೇಡ. ಇದನ್ನ ಯಾಕೆ ಹೇಳ್ತಿದ್ದೀನಿ ಅಂತ ಕೇಳಬೇಡಿ.

ಕನಕಪುರದ ಕಡೆಯವ

ಕ್ರಿಸ್ಮಸ್ ಎಲ್ಲರಿಗೂ ಸುಲಭ ಬಿಡಿ, ಮಗು ಹುಟ್ಟೋ ಕಥೆ. ಶುಭ ಶುಕ್ರವಾರ ಏನ್ ಮಾಡ್ತೀರಾ? ನಮ್ಮ ಹಾರೋಬೆಲೆ ಬೆಟ್ಟದಲ್ಲಿ ಯೇಸುವಿನ ಪಾಡಿನ ನಾಟಕ ನಡೆಯುತ್ತೆ, ಸುತ್ತಲ ಊರಿನ ಜನವೆಲ್ಲ ಸೇರ್ತಾರೆ. ಐದು ವರ್ಷದ ಮಗನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೋಗಿದ್ದೆ. ಚಾಟಿ ಏಟಿನ ದೃಶ್ಯಕ್ಕೆ ನನ್ನ ಕೂದಲು ಹಿಡಿದು ಕಿರುಚಿದ. ಒಂದು ತಿಂಗಳು ರಾತ್ರಿ ಎದ್ದು ಅಳ್ತಿದ್ದ. ಹೆಂಡತಿ ಇನ್ನೂ ಬೈತಾಳೆ. ತಪ್ಪು ನಾಟಕದ್ದಲ್ಲ, ನನ್ನದು.

ಮುಂದಿನ ವರ್ಷ ಮನೇಲೇ ಮಾಡಿದ್ವಿ. ಹಳೇ ಮಕ್ಕರಿಗೆ ಮಣ್ಣು ತುಂಬಿ, ಒಡೆದ ಮಡಕೆ ಅಡ್ಡ ಮಲಗಿಸಿ ಸಮಾಧಿ, ಬಾಯಿಗೆ ಒಂದು ದುಂಡು ಕಲ್ಲು. ಶುಕ್ರವಾರ ಬಿಳಿ ಬಟ್ಟೆ ಸುತ್ತಿಟ್ಟು ಕಲ್ಲು ಮುಚ್ಚೋದು, ಶನಿವಾರ ಏನೂ ಇಲ್ಲ, ಭಾನುವಾರ ಬೆಳಿಗ್ಗೆ ಕಲ್ಲು ಉರುಳಿಸಿ ನೋಡಿದ್ರೆ ಬಟ್ಟೆ ಮಾತ್ರ. ಆ ಶನಿವಾರದ ಖಾಲಿ ದಿನ ಇದೆಯಲ್ಲ, ಅವನಿಗೆ ಅದೇ ಕಷ್ಟ. ಹತ್ತು ಸಲ ಹೋಗಿ ಕಲ್ಲು ಮುಟ್ಟಿ ಬಂದ. ಭಾನುವಾರ ನಾವು ನೋಡೋ ಹೊತ್ತಿಗೆ ಒಳಗೆ ಪ್ಲಾಸ್ಟಿಕ್ ಡೈನೋಸಾರ್ ಕೂತಿತ್ತು. "ಯೇಸು ಬರೋವರೆಗೂ ಕಾವಲಿಗೆ" ಅಂದ. ಚರ್ಚಿನ ಸ್ವಾಮಿಗಳಿಗೆ ಹೇಳಿದ್ರೆ ನಕ್ಕು ನಕ್ಕು ಸಾಕಾದ್ರು.

ಬೆಳ್ತಂಗಡಿ ರಬ್ಬರ್ ತೋಟ

ನಾವು ಸಿರೋ ಮಲಬಾರ್ ಪಂಗಡದ ಕ್ಯಾಥೊಲಿಕರು, ತಾತನ ಕಾಲಕ್ಕೆ ಕೇರಳದಿಂದ ಬಂದವರು. ನಮ್ಮಲ್ಲಿ ಪವಿತ್ರ ಗುರುವಾರ (ಶುಭ ಶುಕ್ರವಾರದ ಹಿಂದಿನ ದಿನ) ರಾತ್ರಿ ಪೆಸಹಾ ಅಪ್ಪ ಎಂಬ ರೊಟ್ಟಿ. ಅಕ್ಕಿ, ಉದ್ದು ಅರೆದು ಹುಳಿ ಬರಿಸದೆ ಹಬೆಯಲ್ಲಿ ಬೇಯಿಸುವುದು, ಮೇಲೆ ಗರಿಗಳ ಭಾನುವಾರದ ಗರಿಯಲ್ಲಿ ಒಂದು ಶಿಲುಬೆ. ಆ ಗರಿ ಇಡುವುದು ಮಕ್ಕಳು. ಮನೆಯ ಹಿರಿಯರು ಮುರಿದು ಬೆಲ್ಲದ ಹಾಲಿನೊಂದಿಗೆ ವಯಸ್ಸಿನ ಸಾಲಿನಲ್ಲಿ ಕೊಡುತ್ತಾರೆ. ಕೊನೆಗೆ ಸಿಗುವುದು ಅತಿ ಚಿಕ್ಕವರಿಗೆ, ಅಷ್ಟೂ ಹೊತ್ತು ಕಣ್ಣು ತಟ್ಟೆಯ ಮೇಲೆ. ಆ ವರ್ಷ ಮನೆಯಲ್ಲಿ ಸಾವಾಗಿದ್ದರೆ ಈ ಅಪ್ಪವನ್ನು ಮಾಡುವುದಿಲ್ಲ, ನೆರೆಯವರು ತಂದುಕೊಡುತ್ತಾರೆ. ಅಮ್ಮಚ್ಚಿ ತೀರಿಹೋದ ವರ್ಷ ನಮಗೆ ಮೂರು ಮನೆಯಿಂದ ಬಂದಿತ್ತು.

ಇಬ್ಬರು ಮಕ್ಕಳ ತಾಯಿ (ಮೈಸೂರು), ಡಿಸೆಂಬರ್ 14

ರಾಗಿ ನಿನ್ನೆ ಬಿತ್ತಿದ್ವಿ. ಮಗಳು ಸಾಲು ಹಿಡಿದು ಹಾಕಿದ್ಲು, ಮಗ ತನ್ನ ಪಾಲು ಒಂದೇ ಮೂಲೆಗೆ ಸುರಿದ.

ಮಗಳಿಗೆ ಒಂದು ಅನುಮಾನ: "ಗೋದಲಿ ಅಂದ್ರೆ ಯೇಸುವಿನ ಮನೇನಾ?" ನಾನು ಹೌದು ಅಂದ್ಬಿಟ್ಟೆ, ಆಮೇಲೆ ಅದು ಸರಿಯಲ್ಲ ಅನ್ನಿಸ್ತು.

ಬೆಟಗೇರಿ ಅಜ್ಜ

ತಂಗಿ, ಗ್ವಾದಲಿ ಅಂದ್ರ ದನ ಮೇವು ತಿನ್ನೂ ಜಾಗಾ. ಬೊಂಬಿ ಇಟ್ಟು ದೀಪ ಹಚ್ಚೂದಕ್ಕ ಆ ಹೆಸರು ಆಮ್ಯಾಲ ಬಂತು. ನಮಗ ಆ ಶಬ್ದ ಬಿಡಿಸಿ ಹೇಳೂದ ಬ್ಯಾಡ ಇತ್ತು, ದನದ ಮನಿಯಾಗ ಬೆಳದವರು. 1223ರಾಗ ಗ್ರೆಚ್ಚೊ ಊರಾಗ ಸಂತ ಫ್ರಾನ್ಸಿಸ್ ಮೊದಲ ಸಲ ಕ್ರಿಸ್ಮಸ್ ಗೋದಲಿ ಮಾಡಿದಾಗ ಖರೇ ಎತ್ತು, ಖರೇ ಕತ್ತೆ ತಂದು ನಿಲ್ಲಿಸಿದ್ದನಂತ. ಮೈಸೂರಾಗ ಆಕಳು ಇಲ್ಲೇನ್ರಿ? ಕೂಸುಗಳನ್ನ ಕರಕೊಂಡ ಹೋಗಿ ಗ್ವಾದಲಿಯಾಗ ಕೈ ಹಾಕಸ್ರಿ.

ಇಬ್ಬರು ಮಕ್ಕಳ ತಾಯಿ (ಮೈಸೂರು), ಡಿಸೆಂಬರ್ 23

ಅಜ್ಜಾ, ಹೋಗಿದ್ವಿ. ನಮ್ಮ ಬೀದಿ ಕೊನೇಲಿ ಹಾಲು ಕೊಡೋರ ಮನೆ. ಎರಡು ಹಸು, ಒಂದು ಕರು. ಸಿಮೆಂಟಿನ ಗೋದಲಿ, ಒಳಗೆ ಅರ್ಧ ತಿಂದ ಜೋಳದ ದಂಟು. ಮಗಳು ಕೈ ಹಾಕಿದ್ಲು. ಹಸುವಿನ ಜೊಲ್ಲು, ಅಂಟಂಟು. ಕೈ ಹಿಂದಕ್ಕೆ ಎಳಕೊಂಡು, "ಛೀ! ಇಲ್ಲಿ ಪಾಪು ಮಲಗಿಸಿದ್ರಾ?" ಅಂದ್ಲು.

ಹೌದು ಅಂದೆ.

"ಬೇರೆ ಜಾಗ ಯಾರೂ ಕೊಡ್ಲಿಲ್ವಾ?"

ಇಲ್ಲ ಅಂದೆ. ಚಳ್ಳಕೆರೆ ಅಕ್ಕ ಹೇಳಿದ್ದು ನೆನಪಾಗಿ ಅಲ್ಲಿಗೇ ಬಾಯಿ ಮುಚ್ಚಿಕೊಂಡೆ, ಕಷ್ಟಪಟ್ಟು. ಮಗ ಅಷ್ಟರಲ್ಲಿ ಕರುವಿನ ಕಿವಿ ಹಿಡಿದಿದ್ದ. ಮನೆಗೆ ಬಂದು ಮಗಳು ತನ್ನ ಹಳೇ ಫ್ರಾಕಿನ ಒಳಲಂಗ ಕತ್ತರಿಸಿ ಗೋದಲಿ ಬೊಂಬೆಗೆ ಹಾಸಿಗೆ ಮಾಡಿದ್ದಾಳೆ, ಬಾಲಯೇಸುವನ್ನ ನಾಳೆ ರಾತ್ರಿವರೆಗೂ ಇಡಬಾರದು ಅಂತ ಬೀರುವಲ್ಲಿ ಬಚ್ಚಿಟ್ಟಿದ್ದಾಳೆ. ಎಲ್ಲಿ ಅಂತ ನನಗೂ ಹೇಳಿಲ್ಲ.

ರಾಗಿ ಬೆರಳುದ್ದ ಬಂದಿದೆ. ಮಗಳ ಕಡೆ ಬಯಲು, ಮಗನ ಮೂಲೆ ದಟ್ಟ ಕಾಡು. ಒಂಟೆಗಳನ್ನ ಕಾಡಲ್ಲಿ ನಿಲ್ಲಿಸಿದ್ದೀವಿ, ಬರೀ ಗೂನು ಕಾಣುತ್ತೆ. ಜನವರಿಯ ಮೂರು ರಾಯರ ಹಬ್ಬ (ಬಾಲಯೇಸುವನ್ನ ನೋಡೋಕೆ ಬಂದವರದ್ದು) ಆದ್ಮೇಲೆ ಈ ಪೈರನ್ನ ಏನ್ ಮಾಡ್ತೀರಾ? ಎಸೆಯೋಕೆ ಮನಸ್ಸಿಲ್ಲ.

ಕಿನ್ನಿಗೋಳಿಯವಳು

ನಾವು ತೆಂಗಿನ ಬುಡಕ್ಕೆ ಹಾಕುವುದು.

ವಾಕ್ಯ ಮೊದಲು (ಹುಬ್ಬಳ್ಳಿ)

ಆ ಕರುವಿಗೆ ಕೊಡಿ ಸಿಸ್ಟರ್. ನಾವೂ ಈ ಸಲ ಒಂದು ತಟ್ಟೆ ಹಾಕಿದ್ದೀವಿ. ಮಗನೇ ಕೇಳಿದ. ನಮ್ಮದು ಇನ್ನೂ ಅರ್ಧ ಬೆರಳೂ ಆಗಿಲ್ಲ. ನೀರು ಜಾಸ್ತಿ ಆಯ್ತಾ?